ಗಿಲ್ಲೆಸುಗೂರಿನ ನೆಲವನ್ನು ಬರೆದಿಟ್ಟವರು ಯಾರು?

ಕೆಲವು ವರ್ಷಗಳ ಹಿಂದೆ ಗಿಲ್ಲೆಸುಗೂರು ಕಡೆಯ ರೈತರೊಬ್ಬರು ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಚೀಲದೊಳಗೆ ನಾಲ್ಕು ಮಡಿಕೆಯ, ಮಡಿಕೆಗಳಲ್ಲಿ ಹರಿದುಹೋದ ಒಂದು ಹಳೆಯ ಕಾಗದವಿತ್ತು. ಅವರ ಅಜ್ಜನ ಕಾಲದ ಹೊಲದ ದಾಖಲೆ, ಬರಹ ಉರ್ದು. ಅದನ್ನು ಓದಿಸಲು ಅವರು ಮೊದಲು ಹೋದದ್ದು ಮಸೀದಿಗೆ. ಅಲ್ಲಿನ ಇಮಾಮರು ಉತ್ತರ ಭಾರತದ ಯುವಕ, ಅಚ್ಚಿನ ಉರ್ದುವನ್ನು ಸರಾಗವಾಗಿ ಓದಬಲ್ಲವರು. ಆದರೆ ಕಚೇರಿಯ ಗುಮಾಸ್ತರು ಬರೆಯುತ್ತಿದ್ದ ಶಿಕಸ್ತಾ ಕೈಬರಹದ ಮುಂದೆ ಅವರೂ ಕೈಚೆಲ್ಲಿದರು. ಕೊನೆಗೆ ಯಾರೋ, ಕಥೆ ಬರೆಯುವ ಸಾಹೇಬರೊಬ್ಬರಿದ್ದಾರೆ, ಅವರಿಗೆ ಉರ್ದುವೂ ಬರುತ್ತದಂತೆ ಎಂದು ನಮ್ಮ ಹೆಸರು ಹೇಳಿ ಕಳಿಸಿದ್ದರು.

ನಿಜ ಹೇಳಬೇಕೆಂದರೆ ನಮಗೂ ಅದರಲ್ಲಿ ಅರ್ಧದಷ್ಟೇ ಓದಲು ಬಂತು. ಶಿಕಸ್ತಾ ಎಂದರೆ ಮುರಿದದ್ದು ಎಂದರ್ಥ. ಚುಕ್ಕೆಗಳನ್ನು ನುಂಗಿ, ಅಕ್ಷರಗಳನ್ನು ಒಂದಕ್ಕೊಂದು ಹೊಸೆದು ಬರೆಯುವ ಬರಹ ಅದು. ಖುಷ್ಕಿ ಎಂಬ ಪದ ಸಿಕ್ಕಿತು, ಒಣಬೇಸಾಯದ ಭೂಮಿ. ಒಂದು ಕಡೆಯ ಸರಹದ್ದಿಗೆ ನಾಲಾ ಎಂದಿತ್ತು. ಪಶ್ಚಿಮದ ಭಾಗಕ್ಕೆ ಎರಡು ಪದ ಬರೆದಿದ್ದರು: ಶಿಕಮ್ ತಲಾಬ್. ಫಾರ್ಸಿಯಲ್ಲಿ ಶಿಕಮ್ ಎಂದರೆ ಹೊಟ್ಟೆ. ಕೆರೆಯ ಹೊಟ್ಟೆ, ಅಂದರೆ ನೀರು ತುಂಬಿದಾಗ ಮುಳುಗಿ ಇಳಿದಾಗ ಬಿತ್ತನೆಗೆ ಸಿಗುವ ಕೆರೆಯಂಗಳ. ರೈತರು ನಕ್ಕುಬಿಟ್ಟರು. "ನಮ್ಮ ಹೊಲದಾಗ ಕೆರಿ ಎಲ್ಲೈತ್ರಿ? ನಮ್ಮಪ್ಪಗೂ ಗೊತ್ತಿಲ್ಲ" ಎಂದರು. ಅವರಿಗೆ ಬೇಕಾಗಿದ್ದದ್ದು ದಾಯಾದಿಗಳ ಪಾಲಿನ ಲೆಕ್ಕ. ಅದು ಆ ಕಾಗದದಲ್ಲಿ ಇರಲಿಲ್ಲ. ಚಹಾ ಕುಡಿದು, ಕಾಗದವನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಚಿಕೊಂಡು ಹೋದರು. ನಾವು ಅದರ ಒಂದು ಪ್ರತಿಯನ್ನೂ ತೆಗೆದಿಟ್ಟುಕೊಳ್ಳಲಿಲ್ಲ. ಎರಡು ವರ್ಷ ಬಿಟ್ಟು ಆ ಎರಡು ಪದಗಳ ಗುಂಗಿನಲ್ಲೇ ಅವರ ಮನೆಗೆ ಹೋದೆವು. ಮಣ್ಣಿನ ಮಾಳಿಗೆ ಕೆಡವಿ ಹೊಸ ಮನೆ ಕಟ್ಟಿದ್ದರು. ಹಳೆಯ ಟ್ರಂಕು ಗುಜರಿಗೆ ಹೋಗಿತ್ತು, ಕಾಗದವೂ ಅದರ ಜೊತೆಗೇ.

ಈ ಲೇಖನ ಬರೆಯಲು ಆ ತಪ್ಪೇ ಕಾರಣ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲದ ಬಗ್ಗೆ ಬರೆದಿಟ್ಟದ್ದು ಏನಿದೆ, ಅದು ಯಾರ ಕೈಯಲ್ಲಿದೆ, ಅದನ್ನು ಓದುವವರು ಯಾರು ಎಂದು ಒಮ್ಮೆ ಸಾಲಾಗಿ ನೋಡಬೇಕೆನಿಸಿತು.

ರಾಯಚೂರು ದೋಆಬ್ ದಾಖಲೆಯಿಲ್ಲದ ಬಡ ನಾಡೇನೂ ಅಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಎಲ್ಲರೂ ಶಾಸನದ ಮಾತು ಆಡುತ್ತಾರೆ. ನಮಗೆ ಹೆಚ್ಚು ಇಷ್ಟವಾಗುವುದು ಅಲ್ಲೇ ಕೊರೆದಿರುವ ಚಿತ್ರ. ಆ ಚಪ್ಪಡಿಯನ್ನು ಗಟ್ಟಿ ಚಕ್ರದ ಬಂಡಿಯ ಮೇಲೇರಿಸಿ, ಕೋಣಗಳ ಉದ್ದನೆಯ ಸಾಲು ಕಟ್ಟಿ, ಅಕ್ಕಪಕ್ಕದಲ್ಲಿ ಜನ ಮೀಟುಗೋಲು ಹಾಕುತ್ತ ಕಲ್ಲುಗಣಿಯಿಂದ ಎಳೆದು ತರುವ ದೃಶ್ಯ. ಕಲ್ಲು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು, ಯಾರ ಬೆವರಿನಿಂದ ಬಂತು ಎಂಬುದನ್ನೂ ದಾಖಲಿಸಬೇಕು ಎಂದು ಏಳು ಶತಮಾನದ ಹಿಂದಿನ ಆ ಕಲ್ಲುಕುಟಿಗನಿಗೆ ಹೊಳೆದಿತ್ತು. ನಮ್ಮ ಕಾಲದ ಬಹುಪಾಲು ಪುಸ್ತಕಗಳಿಗೆ ಇದು ಹೊಳೆದಿಲ್ಲ ಎಂಬುದೇ ನಮ್ಮ ತಕರಾರು.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿಗಾಗಿ ನಡೆದ ಯುದ್ಧವನ್ನು ಬರೆಯುವಾಗ ಒಂದು ಕ್ಷಣ ನಿಂತು ಸುತ್ತಲಿನ ನೆಲವನ್ನೂ ನೋಡುತ್ತಾನೆ: ಎರಡು ದೊಡ್ಡ ನದಿಗಳ ನಡುವಿನ ವಿಶಾಲ ಬಯಲು, ಸಣ್ಣಪುಟ್ಟ ಗಿಡಗಳನ್ನು ಬಿಟ್ಟರೆ ಮರಗಳಿಲ್ಲ, ದೊಡ್ಡ ದೊಡ್ಡ ಬಂಡೆಗಳಿವೆ ಎಂದು. ರಾಬರ್ಟ್ ಸಿವೆಲ್ ಅದನ್ನು 1900ರಲ್ಲಿ ಇಂಗ್ಲಿಷಿಗೆ ತಂದ. ಅಲ್ಲಿಂದೀಚೆಗೆ ಆ ಯುದ್ಧದ ಬಗ್ಗೆ ಬರೆದವರು ಅನೇಕರು. ಸೇನೆಯ ಲೆಕ್ಕ ಕೊಡುತ್ತಾರೆ, ಫಿರಂಗಿಯ ಲೆಕ್ಕ ಕೊಡುತ್ತಾರೆ. ಆ ಬಯಲಿನ ಮಾತನ್ನು ಮಾತ್ರ ದಾಟಿಕೊಂಡು ಹೋಗುತ್ತಾರೆ.

ಹೈದರಾಬಾದ್ ಸಂಸ್ಥಾನ 1914ರಲ್ಲಿ ಪುರಾತತ್ವ ಇಲಾಖೆ ಆರಂಭಿಸಿ ಗುಲಾಮ್ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಮರುವರ್ಷವೇ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡುಹಿಡಿದ. ಯಜ್ದಾನಿಯವರು ಅರಬ್ಬಿ ಫಾರ್ಸಿ ಶಾಸನಗಳನ್ನು ಓದಿ ಪ್ರಕಟಿಸುತ್ತಲೇ ದಖ್ಖನಿನ ಎಲ್ಲ ಧರ್ಮಗಳ ಸ್ಮಾರಕಗಳನ್ನೂ ಒಂದೇ ಅಕ್ಕರೆಯಿಂದ ನೋಡಿಕೊಂಡರು. ಅವರಿಗೆ ನಾವು ಋಣಿಗಳು. ಆದರೆ ಅವರ ಇಲಾಖೆಯೂ ಕಟ್ಟಡವನ್ನು ನೋಡಿತು, ಶಾಸನವನ್ನು ನೋಡಿತು. ಹಿಜರಿ 919, ಅಂದರೆ 1513-14ರ, ಒಂದೇ ಮಿನಾರಿನ ಮಸೀದಿ ರಾಯಚೂರಿನಲ್ಲಿದೆ. ಮಿನಾರಿನ ಎತ್ತರ 65 ಅಡಿ ಎಂದು ಪುಸ್ತಕಗಳು ಹೇಳುತ್ತವೆ. ಅದರಲ್ಲಿ ವುಜೂ ಮಾಡುವವರಿಗೆ ನೀರು ಯಾವ ಬಾವಿಯಿಂದ ಬರುತ್ತಿತ್ತು, ದೀಪದ ಎಣ್ಣೆಗೆ ಯಾವ ಹೊಲದ ಆದಾಯವಿತ್ತು, ಆ ಹೊಲ ಈಗ ಎಲ್ಲಿದೆ ಎಂದು ಕೇಳಿದರೆ ಪುಸ್ತಕ ಮುಚ್ಚಿ ಬೇರೆ ಕಡೆ ಹೋಗಬೇಕು.

ಬಷೀರುದ್ದೀನ್ ಅಹಮದರ 'ವಾಕಿಯಾತೆ ಮಮ್ಲಿಕತೆ ಬಿಜಾಪುರ' ಎಂಬ ಮೂರು ಸಂಪುಟಗಳ ಉರ್ದು ಗ್ರಂಥವನ್ನು ಇಲ್ಲಿ ನೆನೆಯಲೇಬೇಕು. ಇವರು ನಿಜಾಮ್ ಸರ್ಕಾರದ ಸೇವೆಯಲ್ಲಿದ್ದವರು, ಉರ್ದು ಕಾದಂಬರಿಯ ಆದ್ಯರೆಂದು ಹೆಸರಾದ ಡೆಪ್ಯುಟಿ ನಜೀರ್ ಅಹಮದರ ಮಗ. ತಂದೆ ಮನೆಯೊಳಗಿನ ಹೆಂಗಸರ ಕಥೆ ಬರೆದರೆ ಮಗ ಕೋಟೆ ಕೊತ್ತಲಗಳ ವಿವರ ಬರೆದರು. ನೂರು ವರ್ಷ ಕಳೆದಿದೆ. ದಖ್ಖನಿನ ಇತಿಹಾಸ ಬರೆಯುವ ವಿದ್ವಾಂಸರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ರಾಯಚೂರಿನ ಸಾಮಾನ್ಯ ಕನ್ನಡ ಓದುಗನಿಗೆ ಅಂಥ ಪುಸ್ತಕವಿದೆ ಎಂಬುದೇ ಗೊತ್ತಿಲ್ಲ. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ಪ್ರಕಟಿಸಿದ ಗ್ರಂಥ ಕಲ್ಯಾಣ, ವರಂಗಲ್ ಮತ್ತು ರಾಯಚೂರುಗಳನ್ನು ಒಟ್ಟಿಗೆ ಇಟ್ಟು ನೋಡುತ್ತದೆ. ಗೋಡೆಯ ಒಂದೊಂದು ಕಲ್ಲಿಗೂ ಮಾತು ಬರಿಸಿದ ಪುಸ್ತಕವದು, ನಾವು ಸಂತೋಷದಿಂದ ಓದಿದೆವು. ಅದು ಇಂಗ್ಲಿಷಿನಲ್ಲಿದೆ, ಬೆಲೆಯೂ ನಮ್ಮಂಥವರ ಕೈಗೆಟುಕುವಂಥದ್ದಲ್ಲ. ಕೋಟೆಯ ಬಾಗಿಲು ದಾಟಿ ಹೊರಗಿನ ಹೊಲಗಳಿಗೆ ಬರುವುದು ಅದರ ಉದ್ದೇಶವೂ ಅಲ್ಲ.

ಹೊಲಗಳಿಗೆ ಬಂದವರು ಇಲ್ಲವೆಂದಲ್ಲ. 1952ರಲ್ಲಿ ರೇಮಂಡ್ ಆಲ್ಚಿನ್ ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದಾಗ ಬಂಡೆಗಳ ಮೇಲಿನ ಚಿತ್ರ, ದನ ಕಟ್ಟುತ್ತಿದ್ದ ಜಾಗ, ಜನ ವಾಸಿಸಿದ್ದ ಜಾಗ ಎಲ್ಲವನ್ನೂ ಒಂದೇ ನೆಲದ ಬಾಳಾಗಿ ನೋಡಿದರು. ಬೂದಿದಿಬ್ಬಗಳು ನವಶಿಲಾಯುಗದ ದನದ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಬೆಳೆದವು ಎಂದು ಮುಂದೆ ಸಾಧಿಸಿದವರೂ ಅವರೇ. ಆ ಕಣ್ಣು ಪ್ರಾಗೈತಿಹಾಸಕ್ಕೇ ನಿಂತುಬಿಟ್ಟಿತು. ಐದು ಸಾವಿರ ವರ್ಷದ ಹಿಂದಿನ ದನದ ದೊಡ್ಡಿಗೆ ನಕ್ಷೆ ಬರೆದೆವು, ನಮ್ಮ ಅಜ್ಜಂದಿರು ದನ ಬಿಡುತ್ತಿದ್ದ ಗೈರಾಣಕ್ಕೆ ಬರೆಯಲಿಲ್ಲ.

ಹಾಗಾದರೆ ನೆಲವನ್ನು ಯಾರೂ ಬರೆದಿಲ್ಲವೇ? ಬರೆದಿದ್ದಾರೆ, ಅದೂ ಎರಡು ಬಾರಿ. ಒಮ್ಮೆ ಕನ್ನಡ ಶಾಸನಗಳಲ್ಲಿ. ದಾನಶಾಸನ ಓದಿದವರಿಗೆ ಗೊತ್ತು, ರಾಜನ ಬಿರುದುಗಳೆಲ್ಲ ಮುಗಿದ ಮೇಲೆ ಕೊನೆಗೆ ಸೀಮೆ ಬರುತ್ತದೆ: ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ನಟ್ಟ ಕಲ್ಲು, ಅಲ್ಲಿಂದ ಹುತ್ತ, ಹುಣಿಸೆಮರ, ಕೆರೆಯ ಕೋಡಿ ಎಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾಯಚೂರು ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ತಂದದ್ದು ದೊಡ್ಡ ಕೆಲಸ. ಆದರೆ ಶಾಸನ ಬಳಸಿ ಲೇಖನ ಬರೆಯುವ ನಮ್ಮವರು ರಾಜನ ಹೆಸರು, ದಾನಿಯ ಹೆಸರು, ತಿಥಿ ಇಷ್ಟನ್ನು ಎತ್ತಿಕೊಂಡು ಸೀಮೆಯ ಸಾಲುಗಳನ್ನು 'ಇತ್ಯಾದಿ' ಎಂದು ಬಿಡುತ್ತಾರೆ. ಕಥೆಗಾರರ ಕಣ್ಣಿಗೆ ಇಡೀ ಶಾಸನದಲ್ಲಿ ಜೀವವಿರುವುದು ಆ ಸಾಲುಗಳಲ್ಲೇ.

ಎರಡನೆಯ ಬಾರಿ ಬರೆದದ್ದು ನಿಜಾಮ್ ಸರ್ಕಾರದ ಕಂದಾಯ ದಫ್ತರುಗಳು, ಉರ್ದುವಿನಲ್ಲಿ. ಸೇತ್‌ವಾರ್, ಪಹಣಿ, ವಸೂಲ್ ಬಾಕಿ, ಇನಾಮಿನ ಮುಂತಖಬ್. ಇವುಗಳಲ್ಲಿನ ಚೌಹದ್ದು ಆ ಶಾಸನದ ಸೀಮೆಯ ಮೊಮ್ಮಗನೇ ಸರಿ. ಖುಷ್ಕಿ ಎಷ್ಟು, ತರಿ ಎಷ್ಟು, ಬಾಗಾಯತು ಎಷ್ಟು, ಬಾವಿ ಇದೆಯೇ, ಕಬರಸ್ಥಾನ ಎಲ್ಲಿ, ಗುಡಿಯ ಇನಾಮು ಯಾವುದು, ದರ್ಗಾದ ಇನಾಮು ಯಾವುದು ಎಲ್ಲವೂ ಅದರಲ್ಲಿದೆ. ಸ್ಮಾರಕಗಳ ಪಟ್ಟಿಯಲ್ಲಿ ಎಂದೂ ಸೇರದ ಗಿಲ್ಲೆಸುಗೂರಿನಂಥ ಊರು ಸಿಗುವುದು ಇಲ್ಲಿ ಮಾತ್ರ. ಲಿಂಗಸುಗೂರಿನಲ್ಲಿ ಒಂದು ಕಾಲಕ್ಕೆ ದಂಡು ಇತ್ತು, ದೇವಸುಗೂರಿನಲ್ಲಿ ಶಾಖೋತ್ಪನ್ನ ಕೇಂದ್ರ ಬಂತು. ಗಿಲ್ಲೆಸುಗೂರು ಮಂತ್ರಾಲಯದ ದಾರಿಯಲ್ಲಿ ಸಿಗುವ ಹೋಬಳಿ ಊರು, ಅಷ್ಟೇ. ಬಸ್ಸಿನ ಕಿಟಕಿಯಿಂದ ಅದನ್ನು ಕಂಡವರು ಲಕ್ಷಾಂತರ ಜನ. ಅದರ ಬಗ್ಗೆ ಒಂದು ಪುಸ್ತಕ ನಮಗೆ ಸಿಗಲಿಲ್ಲ.

ಈ ದಫ್ತರುಗಳ ಗತಿಯೇನು? ರಾಯಚೂರು ದೋಆಬ್ 1853ರಲ್ಲಿ ಬ್ರಿಟಿಷರ ಕೈಗೆ ಹೋಯಿತು, 1860ರಲ್ಲಿ ನಿಜಾಮರಿಗೆ ಮರಳಿತು. ಲಿಂಗಸುಗೂರು ಜಿಲ್ಲೆ 1905ರಲ್ಲಿ ರದ್ದಾಯಿತು. 1948ರ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣ, 1997ರಲ್ಲಿ ಕೊಪ್ಪಳ ಬೇರೆಯಾದದ್ದು. ಪ್ರತಿ ಬಾರಿಯೂ ಗಡಿ ಬದಲಾದಾಗ ಕಾಗದದ ಗಂಟುಗಳು ಒಂದು ಕಚೇರಿಯಿಂದ ಮತ್ತೊಂದು ಕಚೇರಿಗೆ ಸಾಗಬೇಕು. ಸಾಗುವಾಗ ಎಷ್ಟು ಉದುರಿದವೋ. ಸಂಸ್ಥಾನದ ಕೇಂದ್ರ ದಫ್ತರು ಹೈದರಾಬಾದಿನ ತಾರ್ನಾಕಾದ ಅಭಿಲೇಖಾಗಾರದಲ್ಲಿದೆ, ಈಗ ಅದು ತೆಲಂಗಾಣ ರಾಜ್ಯದ್ದು. ತಾಲ್ಲೂಕಿನದು ತಹಸೀಲ್ದಾರರ ಕಚೇರಿಯ ರೆಕಾರ್ಡ್ ಕೋಣೆಯಲ್ಲಿ. ಒಂದೇ ಊರಿನ ಕೆರೆಯ ತಲೆ ಒಂದು ರಾಜ್ಯದಲ್ಲಿ, ಹೊಟ್ಟೆ ಇನ್ನೊಂದು ರಾಜ್ಯದಲ್ಲಿ.

ಈ ಉರ್ದುವನ್ನು ಮುಸಲ್ಮಾನರ ಸೊತ್ತು ಎಂದುಕೊಂಡದ್ದು ನಮ್ಮ ಭಾಗದ ದೊಡ್ಡ ತಪ್ಪು, ಅದರಲ್ಲಿ ಮುಸಲ್ಮಾನರ ಪಾಲೂ ಇದೆ. ನಿಜಾಮರ ಆಡಳಿತದಲ್ಲಿ ಕನ್ನಡದ ಮಕ್ಕಳ ಮೇಲೆ ಉರ್ದುವನ್ನು ಹೇರಲಾಯಿತು, ಕನ್ನಡ ಶಾಲೆಗೆ ಪರದಾಡಬೇಕಾಯಿತು ಎಂಬುದು ನಿಜ. ಆ ನೋವನ್ನು ಅಲ್ಲಗಳೆಯಬಾರದು. ಆದರೆ ಆ ಹೇರಿಕೆಯಿಂದಲೇ, ಈ ದಾಖಲೆಗಳನ್ನು ಬರೆದವರಲ್ಲಿ, ಓದಿದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಊರ ಪಟವಾರಿಗಳು ಬಹುತೇಕ ಹಿಂದೂಗಳು. ಕನ್ನಡಕ್ಕೆ ಗಜಲ್ ತಂದ ಶಾಂತರಸರು ಇದೇ ಜಿಲ್ಲೆಯ ಹೆಂಬೇರಾಳದವರು. ಉರ್ದು ಅವರಿಗೆ ಪರಭಾಷೆಯಾಗಿರಲಿಲ್ಲ. ಅವರ ತಲೆಮಾರು ಮುಗಿಯಿತು. ಈಗ ಉರ್ದು ಕಾಗದ ಸಿಕ್ಕರೆ ಟೋಪಿ ಹಾಕಿದವರನ್ನು ಹುಡುಕುತ್ತಾರೆ. ಟೋಪಿ ಹಾಕಿದವರಿಗೆ ಶಿಕಸ್ತಾ ಬರುವುದಿಲ್ಲ. ನಮ್ಮ ಮಕ್ಕಳನ್ನು ನಾವು ಇಂಗ್ಲಿಷ್ ಶಾಲೆಗೆ ಕಳಿಸಿದ್ದೇವೆ, ಸಭೆಗಳಲ್ಲಿ ಉರ್ದುವಿನ ಅವನತಿಗೆ ಕಣ್ಣೀರು ಹಾಕುತ್ತೇವೆ. ಮುಷಾಯಿರಾಗಳಿಗೆ ಚಂದಾ ಎತ್ತುವವರು ನಮ್ಮಲ್ಲಿದ್ದಾರೆ. ಒಂದು ಪಹಣಿಯನ್ನು ಕನ್ನಡಕ್ಕೆ ಇಳಿಸಲು ಚಂದಾ ಎತ್ತಿದವರನ್ನು ನಾವು ಕಂಡಿಲ್ಲ.

ಓದಲು ಬಾರದ ದಾಖಲೆ ಸುಮ್ಮನೆ ಕೂರುವುದಿಲ್ಲ, ಕೆಡುಕು ಮಾಡುತ್ತದೆ. 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರು ತಮ್ಮ ಜಮೀನು ವಕ್ಫ್ ಆಗುತ್ತದೆ ಎಂದು ಬೀದಿಗಿಳಿದರು. 1,200 ಎಕರೆಯ ಮಾತು ಕೇಳಿಬಂತು. ಕೊನೆಗೆ ಸರ್ಕಾರದ ಕಡೆಯಿಂದ ಬಂದ ವಿವರಣೆ ಇದು: 1974ರ ಗೆಜೆಟ್ ಅಧಿಸೂಚನೆಯಲ್ಲಿ ವಿಜಯಪುರದ ಮಹಲಬಾಗಾಯತಿನ ಮುಂದೆ ಹೊನವಾಡ ಎಂಬ ಹೆಸರು ತಪ್ಪಾಗಿ ಆವರಣದೊಳಗೆ ಸೇರಿತ್ತು, 1977ರಲ್ಲಿ ಅದರ ತಿದ್ದುಪಡಿಯೂ ಆಗಿತ್ತು, ಆ ಊರಿನಲ್ಲಿ ವಕ್ಫ್ ಇರುವುದು 11 ಎಕರೆ. ನವೆಂಬರಿನಲ್ಲಿ ಮುಖ್ಯಮಂತ್ರಿಗಳು ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಹೇಳಿದರು. ಅಷ್ಟರಲ್ಲಿ ಎಷ್ಟೋ ಊರುಗಳಲ್ಲಿ ನೂರು ವರ್ಷ ಒಂದೇ ಬಾವಿಯ ನೀರು ಕುಡಿದವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿದ್ದರು. ಎರಡು ಆವರಣ ಚಿಹ್ನೆಗಳ ನಡುವಿನ ಒಂದು ಪದ. ರೈತನ ಹಕ್ಕಿಗೂ ವಕ್ಫಿನ ಹಕ್ಕಿಗೂ ಆಧಾರ ಆ ಮೂಲ ಕಾಗದವೇ. ಅದು ಕನ್ನಡದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿದ್ದರೆ ಗದ್ದಲ ಮಾಡುವವರಿಗೆ ಕೆಲಸ ಕಡಿಮೆಯಾಗುತ್ತಿತ್ತು.

ತಪ್ಪಿಗೆ ಇನ್ನೂ ಸಣ್ಣ ದಾರಿಗಳಿವೆ. ಹೈದರಾಬಾದಿನ ಕಾಗದಗಳಲ್ಲಿರುವ ವರ್ಷ ಫಸಲಿ. ಅದಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ. 1325 ಎಂದು ಬರೆದಿದ್ದರೆ ಅದು 1915-16. ಉರ್ದು ಲಿಪಿ ಕಂಡೊಡನೆ ಹಿಜರಿ ಎಂದುಕೊಂಡರೆ 1907 ಆಗುತ್ತದೆ. ಎಂಟು ವರ್ಷ ಹಿಂದೆ ಸರಿದರೆ ಖರೀದಿಗೆ ಮೊದಲೇ ಮಾರಾಟವಾದಂತೆ ಕಾಣಬಹುದು, ಸತ್ತವರು ಬದುಕಿದ್ದಂತೆ ಕಾಣಬಹುದು. ತಿಂಗಳ ಹೆಸರುಗಳೂ ಆಜುರ್, ದೈ, ಬಹಮನ್ ಎಂದು ಇರಾನಿನವು. ಮೊಹರಂ ಸಫರ್ ಅಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. 2000ದ ಸುಮಾರಿಗೆ ಬಂದ ಭೂಮಿ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ರೈತನನ್ನು ಬಹಳಷ್ಟು ಓಡಾಟದಿಂದ ಪಾರುಮಾಡಿತು. 2024ರಲ್ಲಿ ಶುರುವಾದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಇದನ್ನು ಮನಃಪೂರ್ವಕ ಸ್ವಾಗತಿಸುತ್ತೇವೆ, ಗೆದ್ದಲಿನಿಂದಂತೂ ಉಳಿದೀತು. ಆದರೆ ಭೂಮಿ ಹಿಡಿದದ್ದು ಇಂದಿನ ಒಡೆಯನನ್ನು, ನೆಲದ ನೆನಪನ್ನಲ್ಲ. ಇನ್ನು ಚಿತ್ರ ತೆಗೆದರೆ ಓದಿದಂತಾಗುವುದಿಲ್ಲ. ಪರದೆಯ ಮೇಲೆ ಕಾಣುವ ಶಿಕಸ್ತಾ ಟ್ರಂಕಿನೊಳಗಿನ ಶಿಕಸ್ತಾದಷ್ಟೇ ಮೂಕ.

ಬೇರೆ ದೇಶದವರು ಇದನ್ನು ಹೇಗೆ ಮಾಡಿದರು ಎಂಬ ಕುತೂಹಲ ಸಹಜ. ಅಮೆರಿಕದಲ್ಲಿ 1933ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿಗಳಿಗೆ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಕೆಲಸ ಕೊಟ್ಟರು. ಸೇತುವೆ, ಕಾರ್ಖಾನೆಗಳಿಗೆ 1969ರಲ್ಲಿ ಅಂಥದ್ದೇ ವ್ಯವಸ್ಥೆ ಬಂತು. ತೋಟ, ಹೊಲ, ಸ್ಮಶಾನ, ಬಯಲುಗಳ ಸರದಿ ಬಂದದ್ದು 2000ದಲ್ಲಿ. ಕಟ್ಟಡದಿಂದ ನೆಲಕ್ಕೆ ಇಳಿಯಲು ಅವರಿಗೂ ಅರವತ್ತೇಳು ವರ್ಷ ಹಿಡಿಯಿತು! ಅಳತೆಯ ನಕ್ಷೆ, ಛಾಯಾಚಿತ್ರ, ಬರೆದ ಇತಿಹಾಸ ಮೂರೂ ಒಂದೇ ಕಡತದಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ನಕ್ಷೆ ಭೂಮಾಪನದವರ ಹತ್ತಿರ, ಶಾಸನ ವಿಶ್ವವಿದ್ಯಾಲಯದಲ್ಲಿ, ಪಹಣಿ ತಾಲ್ಲೂಕು ಕಚೇರಿಯಲ್ಲಿ, ಕಥೆ ಮಾತ್ರ ಊರ ಕಟ್ಟೆಯ ಮೇಲೆ. ಇವನ್ನು ಒಂದು ಹಾಳೆಯ ಮೇಲೆ ತರಲು ದೊಡ್ಡ ಅನುದಾನ ಬೇಕಿಲ್ಲ. ಒಂದು ಊರಿಗೆ ಒಂದು ನೋಟ್‌ಬುಕ್ಕು, ಶಿಕಸ್ತಾ ಬಲ್ಲ ಒಬ್ಬ ಮುದುಕರು, ಅವರ ಪಕ್ಕ ಕೂತು ಕನ್ನಡದಲ್ಲಿ ಬರೆದುಕೊಳ್ಳುವ ಇಬ್ಬರು ಕಾಲೇಜು ಹುಡುಗರು ಸಾಕು. ಆ ಮುದುಕರು ಇನ್ನೂ ಎಷ್ಟು ವರ್ಷ ಸಿಗುತ್ತಾರೆ ಎಂಬುದೇ ಅವಸರ.

ಹಾಗೆ ಬರೆಯುವಾಗ ಕಾಲುವೆಯನ್ನೂ ಬಿಡಬಾರದು. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. 1953ರಿಂದ ನೀರು ಬರತೊಡಗಿತು. ಎಡದಂಡೆ ಕಾಲುವೆ 227 ಕಿಲೋಮೀಟರು ಹರಿದು ನಮ್ಮ ತಾಲ್ಲೂಕಿನವರೆಗೂ ಬಂದಿದೆ. ಬಿಳಿಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕರಾವಳಿಯಿಂದ ಬಂದ ಕುಟುಂಬಗಳು ನೆಲೆಸಿದ ಕಡೆಯೆಲ್ಲ ಕ್ಯಾಂಪುಗಳೆದ್ದವು. ಗಿಲ್ಲೆಸುಗೂರು ಕ್ಯಾಂಪು ಎಂಬುದೂ ಒಂದಿದೆ. ಎಪ್ಪತ್ತು ವರ್ಷ ಕಳೆದ ಮೇಲೆ ಕ್ಯಾಂಪು ಎಂದರೂ ಅದು ಊರೇ, ಅದಕ್ಕೂ ಚರಿತ್ರೆ ಇದೆ, ಅದು ತೆಲುಗಿನಲ್ಲಿದೆ. ಈ ನೆಲವನ್ನು ಪೂರ್ತಿ ಓದಬೇಕೆಂದರೆ ಕನ್ನಡ, ಉರ್ದು, ತೆಲುಗು ಮೂರೂ ಬೇಕು. 1294ರ ಆ ಚಪ್ಪಡಿಯ ಭಾಷೆಯೂ ತೆಲುಗೇ ಎಂಬುದನ್ನು ಇಲ್ಲಿ ನೆನಪಿಸಬಹುದು.

ಆ ರೈತರ ಹೊಸ ಮನೆಗೆ ಹೋದ ದಿನ, ಕಾಗದ ಹೋಯಿತೆಂದು ನಾವು ಮುಖ ಸಣ್ಣದು ಮಾಡಿಕೊಂಡದ್ದನ್ನು ನೋಡಿ ಅವರು ಹೊಲವನ್ನಾದರೂ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದರು. ನಾಟಿ ಮುಗಿದಿತ್ತು. ಬದುವಿನ ಮೇಲೆ ನಡೆಯುತ್ತ ಅವರು ಗೊಬ್ಬರದ ದರದ ಮಾತು ಆಡುತ್ತಿದ್ದರು. ನಡುವೆ ಒಂದು ಕಡೆ ಕೈ ತೋರಿಸಿ, "ಈ ಮೂಲಿ ಒಂದು ಕಾಟ ನೋಡ್ರಿ. ಎಷ್ಟು ಮಣ್ಣು ಹೊಡೆಸಿದರೂ ಟ್ರ್ಯಾಕ್ಟರ್ ಹೂತುಕೊಂತಾವ, ನೀರು ಇಂಗಂಗಿಲ್ಲ" ಎಂದರು. ಅದು ಹೊಲದ ಪಶ್ಚಿಮ. ನಾವು ಜೇಬಿನಿಂದ ಪುಸ್ತಕ ತೆಗೆದು ಅವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತ ಬರೆದುಕೊಂಡೆವು. ಅವರು ಒಂದು ಗಳಿಗೆ ಸುಮ್ಮನಿದ್ದು, ಪಂಚೆ ಮೇಲೆ ಕಟ್ಟಿ ಕೆಸರಿಗೆ ಇಳಿದು, ಕಾಲು ಹೂಳುವ ಜಾಗದ ಅಂಚಿನುದ್ದಕ್ಕೂ ಹೆಜ್ಜೆ ಎಣಿಸತೊಡಗಿದರು.